ಹೊಸ ರೆಸ್ಲರ್ ಮೇಲೆ ಬರ್ತಿದ್ದಾನಾ, ಜಾರ್ತಿದ್ದಾನಾ: ಮೊದಲ ವರ್ಷನ ನೋಡೋ ಕ್ರಮ

"ಬಂದಾಗ ಅಷ್ಟು ಅಬ್ಬರ ಇತ್ತು, ಆರು ತಿಂಗಳಿಗೆ ಆ ಮನುಷ್ಯ ಎಲ್ಲೋದ?" ಇದೊಂದೇ ಪ್ರಶ್ನೆ ಬೇರೆ ಬೇರೆ ಹೆಸರು ಹಾಕ್ಕೊಂಡು ನನಗೆ ಬರ್ತಾನೇ ಇರುತ್ತೆ. ಒಬ್ರು ಖಲಿ ಬಗ್ಗೆ ಕೇಳ್ತಾರೆ, ಅಂಡರ್‌ಟೇಕರ್‌ನೇ ಮಲಗಿಸಿದೋನನ್ನ ಆಮೇಲೆ ಯಾಕೆ ಡ್ಯಾನ್ಸ್ ಮಾಡಿಸಿದ್ರು ಅಂತ. ಇನ್ನೊಬ್ರು ವೀರ್ ಮಹಾನ್ ಬಗ್ಗೆ, ಮತ್ತೊಬ್ರು ರೈಬ್ಯಾಕ್ ಬಗ್ಗೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳೋ ಬದಲು ನೀವೇ ನೋಡಿ ಕಂಡುಹಿಡಿಯೋ ದಾರಿ ಇಲ್ಲಿ ಬರೀತಿದ್ದೀನಿ.

ಮೊದಲೇ ಒಂದು ಮಾತು. ಗರಡಿ ಕುಸ್ತಿಲಿ ಗೆದ್ದೋನು ಗೆದ್ದ, ಸೋತೋನು ಸೋತ, ಅಲ್ಲಿಗೆ ಮುಗೀತು. ಪ್ರೊ ರೆಸ್ಲಿಂಗ್‌ನಲ್ಲಿ ಯಾರು ಗೆಲ್ಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತೆ, ಬೀಳೋ ಪೆಟ್ಟು ಸುಸ್ತು ಎಲ್ಲ ನಿಜ, ರಿಸಲ್ಟ್ ಮಾತ್ರ ಬರೆದಿಟ್ಟಿದ್ದು. ಹಾಗಾಗಿ ಗೆಲುವು ಸೋಲು ಎಣಿಸ್ತಾ ಕೂತ್ರೆ ಏನೂ ಗೊತ್ತಾಗಲ್ಲ. ಆ ಗೆಲುವನ್ನ ಅಥವಾ ಸೋಲನ್ನ ಮುಂದಿನ ವಾರ ಕಂಪನಿ ಏನಕ್ಕೆ ಬಳಸ್ಕೊಳ್ತು, ಅದನ್ನ ನೋಡ್ಬೇಕು. ಈ ಲೇಖನ ಪೂರ್ತಿ ನಾನು ಹೇಳೋದು ಇದನ್ನೇ.

ಏನೇನು ಬೇಕು

ಒಂದು ನೋಟ್‌ಬುಕ್ ಇಲ್ಲಾ ಮೊಬೈಲ್‌ನಲ್ಲಿ ಒಂದು ಶೀಟ್. ಆರು ಕಾಲಮ್ ಹಾಕಿ: ದಿನಾಂಕ, ಎದುರಾಳಿ, ಮ್ಯಾಚ್ ಎಷ್ಟು ನಿಮಿಷ, ರಿಸಲ್ಟ್ ಹೇಗೆ ಬಂತು, ಜನ ಹೇಗೆ ರಿಯಾಕ್ಟ್ ಮಾಡಿದ್ರು, ಮುಂದಿನ ವಾರ ಏನಾಯ್ತು. ಮೊದಲ ನಾಲ್ಕು ಕಾಲಮ್‌ಗೆ ಕೇಜ್‌ಮ್ಯಾಚ್ ಅನ್ನೋ ವೆಬ್‌ಸೈಟ್ ಸಾಕು, ಹಳೇ ಹೊಸ ಮ್ಯಾಚ್‌ಗಳೆಲ್ಲ ತಾರೀಕು ಸಮೇತ ಸಿಗುತ್ತೆ. ಕೊನೇ ಎರಡಕ್ಕೆ ಮಾತ್ರ ಶೋ ನೋಡ್ಲೇಬೇಕು, ಬೇರೆ ದಾರಿ ಇಲ್ಲ. ಅಮೆರಿಕದ ದೊಡ್ಡ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇ ಶೋಗಳು 2025ರ ಏಪ್ರಿಲ್‌ನಿಂದ ನಮ್ಮಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬರ್ತಿವೆ.

ಇನ್ನು ಪದಗಳು, ಇವು ಗೊತ್ತಿಲ್ದೆ ಮುಂದೆ ಹೋದ್ರೆ ಗೊಂದಲ ಆಗುತ್ತೆ. ಯಾರು ಗೆಲ್ಬೇಕು ಕಥೆ ಹೇಗೆ ಹೋಗ್ಬೇಕು ಅಂತ ಬರೆಯೋ ಕೆಲಸನ ಬುಕಿಂಗ್ ಅಂತಾರೆ. ಒಬ್ಬನನ್ನ ಮೇಲೆ ತರೋಕೆ ಕಂಪನಿ ಸಾಲಾಗಿ ಗೆಲ್ಲಿಸಿ ಟೈಮ್ ಕೊಟ್ಟು ತೋರಿಸೋದು ಪುಶ್. ಹೀರೋ ಪಾತ್ರ ಫೇಸ್, ವಿಲನ್ ಪಾತ್ರ ಹೀಲ್. ಜನ ನಿಜವಾಗ್ಲೂ ಒಬ್ಬನನ್ನ ಹಚ್ಕೊಂಡ್ರೆ ಅವನು ಓವರ್ ಆದ ಅಂತಾರೆ, ಪುಶ್ ಕಂಪನಿ ಕೈಲಿದೆ ಓವರ್ ಆಗೋದು ಜನರ ಕೈಲಿದೆ, ಇವೆರಡನ್ನ ಒಂದೇ ಅಂದ್ಕೋಬೇಡಿ. ಎರಡು ಮೂರು ನಿಮಿಷದಲ್ಲಿ ಎದುರಾಳಿನ ಪುಡಿ ಮಾಡೋ ಮ್ಯಾಚ್ ಸ್ಕ್ವಾಶ್. ಮೋಸ ಇಲ್ದೆ, ಬೇರೆಯವರು ಅಡ್ಡ ಬರದೆ ಗೆದ್ರೆ ಕ್ಲೀನ್ ಗೆಲುವು. ಮೈಕ್ ಹಿಡಿದು ಮಾತಾಡೋದು ಪ್ರೋಮೋ, ಇಬ್ಬರ ಮಧ್ಯೆ ವಾರಗಟ್ಟಲೆ ನಡೆಯೋ ಜಗಳ ಫ್ಯೂಡ್, ಪಾತ್ರದ ವೇಷ ಸ್ವಭಾವ ಎಲ್ಲ ಸೇರಿ ಗಿಮಿಕ್.

ಹಂತ 1: ಎಲ್ಲಿಂದ ಬಂದ ಅಂತ ಬರ್ಕೊಳ್ಳಿ

ಕಂಪನಿಯ ಸ್ವಂತ ತರಬೇತಿಯಿಂದ ಬಂದ್ನಾ (ಡಬ್ಲ್ಯುಡಬ್ಲ್ಯುಇಗೆ 2013ರಲ್ಲಿ ಒರ್ಲ್ಯಾಂಡೋದಲ್ಲಿ ಶುರುವಾದ ಪರ್ಫಾರ್ಮೆನ್ಸ್ ಸೆಂಟರ್, ಅದರ ಶೋ ಎನ್‌ಎಕ್ಸ್‌ಟಿ), ಬೇರೆ ಕಂಪನಿಲಿ ಹೆಸರು ಮಾಡಿ ಬಂದ್ನಾ, ಇಲ್ಲಾ ಬೇರೆ ಆಟದಿಂದ ಬಂದ್ನಾ. ಜಪಾನಿನ ನ್ಯೂ ಜಪಾನ್ ಕಂಪನಿಲಿ ಇದಕ್ಕೊಂದು ಕಟ್ಟುನಿಟ್ಟಾದ ಪದ್ಧತಿ ಇದೆ: ಹೊಸಬರನ್ನ ಯಂಗ್ ಲಯನ್ ಅಂತಾರೆ, ಕಪ್ಪು ಚಡ್ಡಿ, ಗಿಮಿಕ್ ಇಲ್ಲ, ಬೆರಳೆಣಿಕೆಯಷ್ಟು ಪಟ್ಟುಗಳು, ದಿನಾ ಸೋಲೋದೇ ಕೆಲಸ, ಆಮೇಲೆ ವಿದೇಶಕ್ಕೆ ಕಳಿಸ್ತಾರೆ, ವಾಪಸ್ ಬರುವಾಗ ಹೊಸ ಅವತಾರ. ಆ ಸೋಲುಗಳಿಂದ ಅಲ್ಲಿ ಯಾರ ಮಾನನೂ ಹೋಗಲ್ಲ, ಯಾಕಂದ್ರೆ ನೋಡೋರಿಗೆ ಪದ್ಧತಿ ಗೊತ್ತು.

ಇಲ್ಲಿ ಜನ ಎಡವೋದು ಎಲ್ಲಿ ಅಂದ್ರೆ, ಎನ್‌ಎಕ್ಸ್‌ಟಿಲಿ ಇದ್ದ ಜನಪ್ರಿಯತೆ ಹಾಗೇ ಡಬ್ಲ್ಯುಡಬ್ಲ್ಯುಇಯ ವಾರದ ದೊಡ್ಡ ಶೋಗಳಾದ ರಾ, ಸ್ಮ್ಯಾಕ್‌ಡೌನ್‌ಗೆ ಬರುತ್ತೆ ಅಂದ್ಕೊಳ್ಳೋದು. ಬರಲ್ಲ. ದೊಡ್ಡ ಶೋ ನೋಡೋರಲ್ಲಿ ಬಹಳಷ್ಟು ಜನ ಸಣ್ಣ ಶೋ ನೋಡೇ ಇರಲ್ಲ, ಅವರಿಗೆ ಅವನು ಅವತ್ತೇ ಹುಟ್ಟಿದೋನು.

ಹಂತ 2: ಡೆಬ್ಯೂ ನೋಡಿ, ಆದ್ರೆ ರಿಸಲ್ಟ್ ಬಿಟ್ಟು ನೋಡಿ

ಡೆಬ್ಯೂ ಅಂದ್ರೆ ಮೊದಲ ಸಲ ಕಾಣಿಸ್ಕೊಳ್ಳೋದು. ಒಂದೇ ಪ್ರಶ್ನೆ ಕೇಳಿ: ಈ ಐದು ನಿಮಿಷದಲ್ಲಿ ಅವನು ಯಾವ ಥರದ ಮನುಷ್ಯ ಅಂತ ಗೊತ್ತಾಯ್ತಾ?

ಬ್ರಾಕ್ ಲೆಸ್ನರ್ 2002ರ ಮಾರ್ಚ್ 18ಕ್ಕೆ, ವರ್ಷದ ಅತಿ ದೊಡ್ಡ ಶೋ ರೆಸಲ್‌ಮೇನಿಯಾ ಆದ ಮಾರನೇ ದಿನ, ಬೇರೆಯವರ ಮ್ಯಾಚ್ ಮಧ್ಯೆ ನುಗ್ಗಿ ಸಿಕ್ಕಿದೋರನ್ನೆಲ್ಲ ಎತ್ತಿ ಬಿಸಾಡಿ ಹೋದ, ಒಂದು ಮಾತೂ ಆಡ್ಲಿಲ್ಲ, ಮಾತಾಡೋಕೆ ಮ್ಯಾನೇಜರ್ ಪಾಲ್ ಹೇಮನ್ ಇದ್ದ. ಎರಡು ವರ್ಷದ ಹಿಂದೆ ಮಿನೆಸೋಟ ಯೂನಿವರ್ಸಿಟಿಗೆ ಅಮೆರಿಕದ ಕಾಲೇಜು ಕುಸ್ತಿಯ ಹೆವಿವೇಟ್ ಪಟ್ಟ ಗೆದ್ದುಕೊಟ್ಟಿದ್ದೋನು. ಅವನೇನು ಅಂತ ಯಾರಿಗೂ ವಿವರಿಸಬೇಕಾಗ್ಲಿಲ್ಲ. ಅದೇ ವರ್ಷ ಜೂನ್ 27ಕ್ಕೆ ಜಾನ್ ಸೀನಾ ಬಂದ, ಕರ್ಟ್ ಆಂಗಲ್ ಎದುರು, ಮತ್ತು ಸೋತ. ಆದ್ರೆ ಒಲಿಂಪಿಕ್ ಚಿನ್ನ ಗೆದ್ದೋನ ಎದುರು ಹುಡುಗ ಹೆದರ್ಲಿಲ್ಲ ಅಂತ ಕಾಣಿಸ್ತು, ಅಂಡರ್‌ಟೇಕರ್ ಬಂದು ಕೈ ಕುಲುಕಿದ. ಒಳ್ಳೇ ಡೆಬ್ಯೂನೇ. ಆದ್ರೂ ಕೆಲವೇ ತಿಂಗಳಲ್ಲಿ ಸೀನಾ ತಣ್ಣಗಾಗಿದ್ದ, ಯಾಕಂದ್ರೆ ಧೈರ್ಯ ಇದೆ ಅನ್ನೋದು ಬಿಟ್ರೆ ಅವನ್ಯಾರು ಅಂತ ಯಾರಿಗೂ ಗೊತ್ತಿರ್ಲಿಲ್ಲ. ಅವನ ಕಥೆಗೆ ಕೊನೇ ಹಂತದಲ್ಲಿ ವಾಪಸ್ ಬರ್ತೀನಿ.

ವೀರ್ ಮಹಾನ್ ವಿಷಯ ಕೇಳ್ತಿರೋರಿಗೆ ಉತ್ತರ ಇಲ್ಲೇ ಇದೆ. ಉತ್ತರ ಪ್ರದೇಶದ ರಿಂಕು ಸಿಂಗ್, ಮೊದಲು ಅಮೆರಿಕಕ್ಕೆ ಬೇಸ್‌ಬಾಲ್ ಪಿಚರ್ ಆಗಿ ಹೋದೋರು. 2021ರ ಕೊನೇಲಿ ಶುರುವಾದ "ರಾಗೆ ಬರ್ತಿದ್ದಾನೆ" ಅನ್ನೋ ಜಾಹೀರಾತು ತುಣುಕುಗಳು 2022ರ ಏಪ್ರಿಲ್ 4ರ ತನಕ ಓಡಿದ್ವು. ಅಷ್ಟು ತಿಂಗಳು ಕಾಯಿಸಿದ್ಮೇಲೆ ಮೊದಲ ದಿನ ಏನಾದ್ರೂ ದೊಡ್ಡದು ಆಗ್ಬೇಕಿತ್ತು. ಮಿಸ್ಟೀರಿಯೋ ತಂದೆ ಮಗನ ಮೇಲೆ ಒಂದು ದಾಳಿ ಆಯ್ತು, ಆಮೇಲೆ ವಾರವಾರ ಚಿಕ್ಕ ಸ್ಕ್ವಾಶ್‌ಗಳು, ಅದೇ ವರ್ಷ ಅವರನ್ನ ಮತ್ತೆ ಎನ್‌ಎಕ್ಸ್‌ಟಿಗೆ ಕಳಿಸಿದ್ರು, 2024ರ ಏಪ್ರಿಲ್‌ನಲ್ಲಿ ಕಂಪನಿ ಕೈಬಿಡ್ತು. ಇದರಲ್ಲಿ ಆ ಮನುಷ್ಯನ ತಪ್ಪು ಎಷ್ಟು ಅಂತ ಹುಡುಕಿದ್ರೆ ನನಗಂತೂ ಹೆಚ್ಚೇನೂ ಸಿಗಲ್ಲ.

ಎಚ್ಚರಿಕೆ: ನಾವೆಲ್ಲ ರೆಸ್ಲರ್‌ಗಳ ಟ್ರಂಪ್ ಕಾರ್ಡ್ ಆಡ್ಕೊಂಡು ಬೆಳೆದೋರು, ಎತ್ತರ ತೂಕ ಎದೆ ಸುತ್ತಳತೆ ನೋಡಿ ಯಾರು ದೊಡ್ಡೋನು ಅಂತ ಹೇಳೋದು ಅಭ್ಯಾಸ ಆಗೋಗಿದೆ. ಮೈಕಟ್ಟು ಡೆಬ್ಯೂ ದಿನ ಬಾಗಿಲು ತೆಗೆಯುತ್ತೆ ಅಷ್ಟೇ, ಆರನೇ ತಿಂಗಳಲ್ಲಿ ಅದರಿಂದ ಏನೂ ಆಗಲ್ಲ.

ಹಂತ 3: ಸ್ಕ್ವಾಶ್ ಸಾಲಿನ ಮುಂದಿನ ಮೆಟ್ಟಿಲು ಹುಡುಕಿ

ಹೊಸಬನಿಗೆ ಸಾಲಾಗಿ ಸುಲಭದ ಗೆಲುವು ಕೊಡೋದು ಹಳೇ ಪದ್ಧತಿ. ಇದರ ದೊಡ್ಡ ಉದಾಹರಣೆ ಗೋಲ್ಡ್‌ಬರ್ಗ್. 1997ರ ಸೆಪ್ಟೆಂಬರ್ 22ಕ್ಕೆ ಆಗ ಡಬ್ಲ್ಯುಡಬ್ಲ್ಯುಇಗೆ ಪೈಪೋಟಿ ಕೊಡ್ತಿದ್ದ ಡಬ್ಲ್ಯುಸಿಡಬ್ಲ್ಯು ಕಂಪನಿ ಶೋನಲ್ಲಿ ಮೊದಲ ಮ್ಯಾಚ್, 1998ರ ಏಪ್ರಿಲ್‌ನಲ್ಲಿ ರೇವನ್‌ನ ಸೋಲಿಸಿ ಯುಎಸ್ ಟೈಟಲ್ (ಟೈಟಲ್ ಅಂದ್ರೆ ಚಾಂಪಿಯನ್ ಪಟ್ಟ, ಅದರ ಗುರುತು ಬೆಲ್ಟ್), ಜುಲೈ 6ಕ್ಕೆ ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಹಲ್ಕ್ ಹೋಗನ್‌ನ ಸೋಲಿಸಿ ವರ್ಲ್ಡ್ ಟೈಟಲ್. ಹತ್ತು ತಿಂಗಳೂ ಆಗಿರ್ಲಿಲ್ಲ. ಇಲ್ಲಿ ಗಮನಿಸಿ, ಸ್ಕ್ವಾಶ್ ನಡೀತಿದ್ದಾಗ್ಲೇ ಎದುರಾಳಿಗಳ ದರ್ಜೆ ಏರ್ತಾ ಹೋಯ್ತು.

ರೈಬ್ಯಾಕ್‌ನ ನೋಡಿ ಈಗ. 2012ರ ಏಪ್ರಿಲ್‌ನಿಂದ ಅದೇ ರೀತಿ ಸ್ಕ್ವಾಶ್, ಒಬ್ಬರು ಸಾಲ್ದು ಅಂತ ಇಬ್ಬಿಬ್ಬರ ಜೊತೆ ಒಂದೇ ಸಲ, ಜನ "ಫೀಡ್ ಮಿ ಮೋರ್" ಅಂತ ಕೂಗೋಕೆ ಶುರು ಮಾಡಿದ್ರು. ಅವನು ಓವರ್ ಆಗಿದ್ದ, ಅದರಲ್ಲಿ ಡೌಟೇ ಇಲ್ಲ. ಆದ್ರೆ ನಡುವಿನ ಮೆಟ್ಟಿಲುಗಳೇ ಇರ್ಲಿಲ್ಲ. ಸೀನಾಗೆ ಮೊಣಕೈ ಆಪರೇಷನ್ ಆಯ್ತು, ಆ ಜಾಗಕ್ಕೆ ರೈಬ್ಯಾಕ್‌ನ ಎಳ್ಕೊಂಡು ಬಂದು ಅಕ್ಟೋಬರ್ 28ಕ್ಕೆ ಹೆಲ್ ಇನ್ ಎ ಸೆಲ್ ಶೋನಲ್ಲಿ ಸಿಎಂ ಪಂಕ್ ಎದುರು ನಿಲ್ಲಿಸಿದ್ರು. ಪಂಕ್ ಸೋಲೋ ಹಾಗಿಲ್ಲ, ಜನವರಿಲಿ ಅವನಿಗೆ ರಾಕ್ ಜೊತೆ ಮ್ಯಾಚ್ ಫಿಕ್ಸ್ ಆಗಿತ್ತು. ರೈಬ್ಯಾಕ್‌ನೂ ಸೋಲಿಸೋ ಹಾಗಿಲ್ಲ. ಇಬ್ಬರನ್ನೂ ಉಳಿಸೋಕೆ ರೆಫರಿನೇ ರೈಬ್ಯಾಕ್‌ಗೆ ಸೊಂಟದ ಕೆಳಗೆ ಹೊಡೆದು ಮೋಸ ಮಾಡಿದ ಅಂತ ಮುಗಿಸಿದ್ರು. ಅದೂ ಆಗ್ಲಿ, ಆಮೇಲಾದ್ರೂ ದೊಡ್ಡ ಗೆಲುವು ಸಿಗ್ಬೇಕಿತ್ತಲ್ಲ, ಸಿಗ್ಲಿಲ್ಲ. ನವೆಂಬರ್‌ನಲ್ಲಿ ಶೀಲ್ಡ್ ಅನ್ನೋ ಹೊಸ ತಂಡದ ಮೂವರು ಬಂದು ಅವನನ್ನ ಬಡಿದು ತಾವು ಹೆಸರು ಮಾಡ್ಕೊಂಡ್ರು, ಡಿಸೆಂಬರ್‌ನಲ್ಲಿ ಶೀಲ್ಡ್ ಎದುರು ಸೋಲು, ಮುಂದಿನ ರೆಸಲ್‌ಮೇನಿಯಾದಲ್ಲಿ ಮಾರ್ಕ್ ಹೆನ್ರಿ ಎದುರೂ ಸೋಲು.

ಹಾಗಾಗಿ ನಿಮ್ಮ ಶೀಟ್‌ನಲ್ಲಿ ಎದುರಾಳಿ ಕಾಲಮ್ ಮಾತ್ರ ಮೇಲಿಂದ ಕೆಳಗೆ ಓದಿ. ಎರಡು ಮೂರು ತಿಂಗಳಾದ್ರೂ ಹೆಸರಿಲ್ಲದವರೇ ಬರ್ತಿದ್ರೆ, ಮುಂದೇನು ಅಂತ ಬರೆಯೋರಿಗೇ ಗೊತ್ತಿಲ್ಲ ಅಂತ ಲೆಕ್ಕ.

ಹಂತ 4: ಮೊದಲ ದೊಡ್ಡ ಫ್ಯೂಡ್

ದೊಡ್ಡ ಹೆಸರಿನೋನ ಮೇಲೆ ಗೆದ್ದ ಅಂತ ಖುಷಿ ಪಡೋದಕ್ಕೆ ಮುಂಚೆ, ಅದಾದ್ಮೇಲಿನ ಮೂರು ತಿಂಗಳು ನೋಡಿ.

ಖಲಿ, ಅಂದ್ರೆ ಹಿಮಾಚಲದ ದಲೀಪ್ ಸಿಂಗ್ ರಾಣಾ, ಪಂಜಾಬ್ ಪೊಲೀಸ್‌ನಲ್ಲಿದ್ದೋರು. 2006ರ ಏಪ್ರಿಲ್‌ನಲ್ಲಿ ಬಂದು ಅಂಡರ್‌ಟೇಕರ್ ಮೇಲೆ ಬಿದ್ರು, ಮೇ 21ಕ್ಕೆ ಜಡ್ಜ್‌ಮೆಂಟ್ ಡೇ ಶೋನಲ್ಲಿ ಕ್ಲೀನ್ ಆಗಿ ಗೆದ್ರು. ಅಂಡರ್‌ಟೇಕರ್ ಮೇಲೆ ಹೊಸಬನೊಬ್ಬನಿಗೆ ಅಂಥ ಗೆಲುವು ಸಿಗೋದು ತೀರಾ ಅಪರೂಪ. ನಮ್ಮ ಹುಡುಗರಂತೂ ಟೆನ್ ಸ್ಪೋರ್ಟ್ಸ್ ಮುಂದೆ ಕೂತು ಕುಣಿದಿದ್ದೇ ಕುಣಿದಿದ್ದು. ಆದ್ರೆ ಜುಲೈಲಿ ಪಂಜಾಬಿ ಪ್ರಿಸನ್ ಅಂತ ಖಲಿಗೋಸ್ಕರಾನೇ ಹುಟ್ಟಿಸಿದ ಮ್ಯಾಚ್‌ನಲ್ಲಿ ಅವರೇ ಇರ್ಲಿಲ್ಲ, ಕಡೇ ಗಳಿಗೇಲಿ ಬಿಗ್ ಶೋ ಆ ಜಾಗಕ್ಕೆ ಬಂದ. ಆಗಸ್ಟ್‌ನಲ್ಲಿ ಅಂಡರ್‌ಟೇಕರ್ ಎದುರು ಸೋಲು. ಆಮೇಲೆ ಇಸಿಡಬ್ಲ್ಯು ಶೋಗೆ ವರ್ಗ, 2007ರ ಶುರುವಲ್ಲಿ ರಾಗೆ ವರ್ಗ. ಒಂದು ವರ್ಷದೊಳಗೆ ಮೂರು ಶೋ, ಪ್ರತಿ ಸಲ ಕಥೆ ಸೊನ್ನೆಯಿಂದ ಶುರು. ವೇಗ ಕಳ್ಕೊಂಡಿದ್ದು ಇಲ್ಲೇ, ಡ್ಯಾನ್ಸ್, ಮುತ್ತು ಕೊಡೋ ತಮಾಷೆ ಎಲ್ಲ ಬಂದಿದ್ದು ಆಮೇಲೆ.

ಹಂತ 5: ಜನರ ಸೌಂಡ್ ಓದೋದನ್ನ ಕಲೀರಿ

ಇದು ಎಲ್ಲಕ್ಕಿಂತ ಕಷ್ಟದ ಹಂತ, ಸ್ವಲ್ಪ ನಿಧಾನವಾಗಿ ಓದಿ.

ಹೀಲ್‌ಗೆ ಜನ ಬೂ ಅಂದ್ರೆ ಒಳ್ಳೇದು, ಅವನ ಕೆಲಸನೇ ಅದು. ಫೇಸ್‌ಗೆ ಬೂ ಅಂದ್ರೆ ತೊಂದರೆ, ಆದ್ರೂ ಸತ್ತಿಲ್ಲ, ಯಾಕಂದ್ರೆ ಜನರಿಗೆ ಅವನ ಬಗ್ಗೆ ಒಂದು ಅಭಿಪ್ರಾಯ ಇದೆ. ನಿಜವಾದ ಅಪಾಯ ಮೌನ. ಮ್ಯೂಸಿಕ್ ಬಂದಾಗ ಜನ ಫೋನ್ ನೋಡ್ಕೊಂಡು ಕೂತಿದ್ರೆ ಅದನ್ನ ಕೆಂಪು ಇಂಕಲ್ಲಿ ಬರ್ಕೊಳ್ಳಿ.

ರಾಕ್ ಕಥೆ ಇದಕ್ಕೆ ಒಳ್ಳೇ ಪಾಠ. 1996ರ ನವೆಂಬರ್‌ನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರಾಕಿ ಮಾವಿಯಾ ಅನ್ನೋ ಹೆಸರಲ್ಲಿ ಬಂದ, ಅಪ್ಪನೂ ತಾತನೂ ರೆಸ್ಲರ್‌ಗಳು, ಸದಾ ನಗುಮುಖ, ಮೂರು ತಿಂಗಳಿಗೆ ಇಂಟರ್‌ಕಾಂಟಿನೆಂಟಲ್ ಟೈಟಲ್ ಕೊಟ್ಟುಬಿಟ್ರು. ಜನ ಒಪ್ಲಿಲ್ಲ, "ಸಾಯಿ ರಾಕಿ ಸಾಯಿ" ಅಂತ ಕೂಗಿದ್ರು. ಏಪ್ರಿಲ್ ಕೊನೇಲಿ ಓವೆನ್ ಹಾರ್ಟ್ ಎದುರು ಟೈಟಲ್ ಹೋಯ್ತು, ಗಾಯ ಆಗಿ ಮನೇಲಿ ಕೂತ. ಆಗಸ್ಟ್‌ನಲ್ಲಿ ವಾಪಸ್ ಬಂದಾಗ ಹೀಲ್ ಆಗಿ ಬಂದ, ನೀವು ನನ್ನ ಹೀಗೆ ನಡೆಸ್ಕೊಂಡ್ರಲ್ಲ ಅಂತ ಜನರ ಮೇಲೇ ತಿರುಗಿಬಿದ್ದ. ಆ ಬೂಗಳು ಪೂರ್ತಿ ಹೊಸ ಪಾತ್ರಕ್ಕೆ ಬಂಡವಾಳ ಆದ್ವು, 1998ರ ನವೆಂಬರ್‌ಗೆ ವರ್ಲ್ಡ್ ಚಾಂಪಿಯನ್. ಇದೇ ಕೆಲಸನ ರೋಮನ್ ರೇನ್ಸ್ ವಿಷಯದಲ್ಲಿ ಮಾಡೋಕೆ ಕಂಪನಿ ಎಷ್ಟು ವರ್ಷ ತಗೊಳ್ತು ನೋಡಿ. 2015ರ ಜನವರಿಲಿ ಫಿಲಡೆಲ್ಫಿಯಾದಲ್ಲಿ ರಾಯಲ್ ರಂಬಲ್ (ಮೂವತ್ತು ಜನರ ಮ್ಯಾಚ್, ಗೆದ್ದೋನಿಗೆ ರೆಸಲ್‌ಮೇನಿಯಾದಲ್ಲಿ ಟೈಟಲ್ ಅವಕಾಶ) ಗೆಲ್ಲಿಸಿದಾಗ ಜನ ಎಷ್ಟು ಕೋಪ ಮಾಡ್ಕೊಂಡ್ರು ಅಂದ್ರೆ ಪಕ್ಕದಲ್ಲಿ ರಾಕ್ ಬಂದು ನಿಂತ್ರೂ ಬೂ ನಿಲ್ಲಲಿಲ್ಲ. ಹೀಲ್ ಮಾಡಿದ್ದು 2020ರ ಆಗಸ್ಟ್‌ನಲ್ಲಿ. ಆಮೇಲೆ ಟೈಟಲ್ 1316 ದಿನ ಅವನ ಹತ್ರನೇ ಇತ್ತು, ಜನ ಕಣ್ಣು ಮಿಟುಕಿಸದೆ ನೋಡಿದ್ರು. ಮನುಷ್ಯ ಅವನೇ, ಮೈಕಟ್ಟು ಅದೇ. ಐದು ವರ್ಷ ಸುಮ್ನೆ ವ್ಯರ್ಥ ಆಯ್ತು ಅಂತ ನನಗೆ ಈಗ್ಲೂ ಬೇಜಾರಿದೆ.

ಉಲ್ಟಾನೂ ಆಗುತ್ತೆ, ಜನ ಬೇಕು ಅಂತಾರೆ ಕಂಪನಿ ಬೇಡ ಅನ್ನುತ್ತೆ. 2011ರಲ್ಲಿ ಝ್ಯಾಕ್ ರೈಡರ್‌ಗೆ ಟಿವಿಲಿ ಟೈಮ್ ಸಿಗ್ತಿರ್ಲಿಲ್ಲ, ಸ್ವಂತ ಯೂಟ್ಯೂಬ್ ಶೋ ಮಾಡ್ಕೊಂಡು ಜನರನ್ನ ಕಟ್ಕೊಂಡ, ಅರೇನಾಗಳಲ್ಲಿ ಅವನ ಹೆಸರು ಕೂಗೋಕೆ ಶುರುವಾಯ್ತು, ಡಿಸೆಂಬರ್‌ನಲ್ಲಿ ಯುಎಸ್ ಟೈಟಲ್ ಕೊಟ್ರು. ಒಂದೇ ತಿಂಗಳಿಗೆ ಕಿತ್ಕೊಂಡ್ರು, ಸೀನಾ ಮತ್ತು ಕೇನ್ ಜಗಳದಲ್ಲಿ ಪೆಟ್ಟು ತಿನ್ನೋ ಪಾತ್ರ ಮಾಡಿದ್ರು, ಕೇನ್ ಅವನನ್ನ ವೀಲ್‌ಚೇರ್ ಸಮೇತ ಸ್ಟೇಜಿಂದ ತಳ್ಳಿದ. ಶೀಟ್‌ನಲ್ಲಿ ಇದು ಹೇಗೆ ಕಾಣುತ್ತೆ ಅಂದ್ರೆ, ಸೌಂಡ್ ಕಾಲಮ್ ಏರ್ತಿರುತ್ತೆ, ಮುಂದಿನ ವಾರದ ಕಾಲಮ್‌ನಲ್ಲಿ ಬೇರೆ ಯಾರದ್ದೋ ಕಥೆ ಇರುತ್ತೆ.

ಎಚ್ಚರಿಕೆ: ಟಿವಿ ಸೌಂಡ್‌ನೇ ನಂಬಬೇಡಿ. ಮೊದಲೇ ಟೇಪ್ ಮಾಡಿದ ಶೋಗಳಿಗೆ ಎಡಿಟಿಂಗ್‌ನಲ್ಲಿ ಚಪ್ಪಾಳೆ ಸೇರಿಸೋದು ಹಳೇ ಅಭ್ಯಾಸ, ಕೊರೊನಾ ಕಾಲದಲ್ಲಂತೂ ಸೀಟಲ್ಲಿ ಜನ ಇಲ್ಲದ ಥಂಡರ್‌ಡೋಮ್ ಸೆಟ್‌ನಲ್ಲಿ ಸೌಂಡ್ ಪೂರ್ತಿ ಸ್ಪೀಕರ್‌ನಿಂದ ಬರ್ತಿತ್ತು. ಸೀಟಲ್ಲಿ ಕೂತೋರು ಮೊಬೈಲ್‌ನಲ್ಲಿ ತೆಗೆದ ವಿಡಿಯೋ ಸಿಕ್ರೆ ಅದನ್ನ ನೋಡಿ. ಜನರ ಮುಖನೂ ನೋಡಿ, ಎದ್ದು ನಿಂತ್ರಾ ಕೂತೇ ಇದ್ರಾ ಅನ್ನೋದನ್ನ ಎಡಿಟ್ ಮಾಡೋದು ಕಷ್ಟ. ಮತ್ತೆ, ಒಂದೇ ಊರಿನ ರಿಯಾಕ್ಷನ್ ಹಿಡ್ಕೊಂಡು ತೀರ್ಪು ಕೊಡಬೇಡಿ. ಹುಟ್ಟೂರಲ್ಲಿ ಎಲ್ಲರಿಗೂ ಚಪ್ಪಾಳೆ ಬೀಳುತ್ತೆ.

ಹಂತ 6: ಮೊದಲ ಸೋಲು, ಅದಕ್ಕಿಂತ ಅದಾದ ಮುಂದಿನ ವಾರ

ಹೆಚ್ಚಿನ ಜನ ಹೇಳೋದು ಗೋಲ್ಡ್‌ಬರ್ಗ್‌ಗೆ ಸೋಲು ಬಂದಿದ್ದೇ ತಪ್ಪು ಅಂತ. 1998ರ ಡಿಸೆಂಬರ್ 27, ಸ್ಟಾರ್‌ಕೇಡ್ ಶೋ, 173-0 ಅಂತ ಹೇಳ್ಕೊಂಡು ಬಂದ ದಾಖಲೆ, ಸ್ಕಾಟ್ ಹಾಲ್ ಕರೆಂಟ್ ಶಾಕ್ ಕೊಡೋ ಗನ್ ಹಿಡಿದು ಬಂದ, ಕೆವಿನ್ ನ್ಯಾಶ್ ಗೆದ್ದ. ನನ್ನ ಅಭಿಪ್ರಾಯದಲ್ಲಿ ಈ ಸೋಲನ್ನ ಸರಿಪಡಿಸಬಹುದಿತ್ತು. ಮೋಸದಿಂದ ಸೋತೋನು ಸೇಡು ತೀರಿಸ್ಕೊಳ್ಳೋ ಕಥೆ, ಇದಕ್ಕಿಂತ ಸುಲಭದ ಕಥೆ ಇದೆಯಾ? ಎಂಟು ದಿನ ಬಿಟ್ಟು ಜನವರಿ 4ಕ್ಕೆ ಅದೇ ಜಾರ್ಜಿಯಾ ಡೋಮ್, ಗೋಲ್ಡ್‌ಬರ್ಗ್‌ಗೆ ತನ್ನ ಜನದ ಮುಂದೆ ರೀಮ್ಯಾಚ್ ಅಂತ ಹೇಳಿದ್ರು. ಆದದ್ದೇನು, ಕಥೆಲಿ ಅವನ ಮೇಲೆ ಸುಳ್ಳು ಕೇಸ್ ಹಾಕಿಸಿ ಪೊಲೀಸರ ಕೈಲಿ ಕರ್ಕೊಂಡು ಹೋಗಿಸಿದ್ರು, ಬದಲಿಗೆ ಬಂದ ಹೋಗನ್ ಬೆರಳಲ್ಲಿ ಎದೆಗೆ ಚುಚ್ಚಿದ, ನ್ಯಾಶ್ ದಢಾರ್ ಅಂತ ಬಿದ್ದ, ಟೈಟಲ್ ಹೋಗನ್‌ಗೆ. ಅಂದ್ರೆ ಆ ಸೋಲನ್ನ ಗೋಲ್ಡ್‌ಬರ್ಗ್ ಕಥೆಗೆ ಬಳಸ್ಲೇ ಇಲ್ಲ, ಹಳಬರು ಬಳಸ್ಕೊಂಡ್ರು. ಜನರಿಗೆ ಅವನ ಮೇಲೆ ನಂಬಿಕೆ ಹೋಗ್ಲಿಲ್ಲ, ಕಂಪನಿ ಮೇಲೆ ಹೋಯ್ತು.

ಈಗ ಲೆಸ್ನರ್ ಶೀಟ್ ಪಕ್ಕದಲ್ಲಿಟ್ಟು ನೋಡಿ. ಡೆಬ್ಯೂ ಆಗಿ ಐದೇ ತಿಂಗಳಿಗೆ, 25ನೇ ವಯಸ್ಸಿಗೆ, ಸಮ್ಮರ್‌ಸ್ಲ್ಯಾಮ್ ಶೋನಲ್ಲಿ ರಾಕ್‌ನ ಸೋಲಿಸಿ ಚಾಂಪಿಯನ್. ನವೆಂಬರ್‌ನಲ್ಲಿ ಮೊದಲ ಸಲ ಪಿನ್ ಆಗಿ (ಭುಜ ನೆಲಕ್ಕೆ ಒತ್ತಿ ಮೂರು ಎಣಿಸೋದು) ಸೋಲು, ಬಿಗ್ ಶೋ ಎದುರು, ಅದೂ ಪಾಲ್ ಹೇಮನ್ ಬೆನ್ನಿಗೆ ಚೂರಿ ಹಾಕಿದ್ರಿಂದ. ಆ ಒಂದು ಸೋಲಿಂದ ಅವನು ಜನ ಇಷ್ಟಪಡೋ ಫೇಸ್ ಆದ, ಜನವರಿಲಿ ರಂಬಲ್ ಗೆದ್ದ, 2003ರ ಮಾರ್ಚ್ 30ಕ್ಕೆ ರೆಸಲ್‌ಮೇನಿಯಾದಲ್ಲಿ ಕರ್ಟ್ ಆಂಗಲ್‌ನ ಸೋಲಿಸಿ ಮತ್ತೆ ಚಾಂಪಿಯನ್. ಗೋಲ್ಡ್‌ಬರ್ಗ್ ಲೆಸ್ನರ್ ಇಬ್ಬರೂ ದೈತ್ಯರು, ಇಬ್ಬರೂ ಸೋತಿದ್ದು ಮೋಸದಿಂದ. ವ್ಯತ್ಯಾಸ ಪೂರ್ತಿ ಸೋತ ಮೇಲಿನ ವಾರಗಳಲ್ಲಿದೆ.

ಕ್ಲೀನ್ ಆಗಿ ಸೋತ್ರೂ ಏನೂ ಆಗಲ್ಲ ಅನ್ನೋದಕ್ಕೆ ನ್ಯೂ ಜಪಾನ್‌ನ ಒಕಾಡ ಇದಾನೆ. ಕಝುಚಿಕಾ ಒಕಾಡನ ವಿದೇಶ ವಾಸ ಅಂದ್ರೆ ಅಮೆರಿಕದ ಟಿಎನ್‌ಎ ಕಂಪನಿಲಿ ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಸಮೋವಾ ಜೋ ಹಿಂದೆ ಓಡಾಡಿದ್ದು, ಅದನ್ನ ನೋಡಿದೋರು ಯಾರೂ ಇವನು ದೊಡ್ಡೋನಾಗ್ತಾನೆ ಅಂದಿರಲ್ಲ. 2012ರ ಜನವರಿ 4ಕ್ಕೆ ವಾಪಸ್ ಬಂದು ಚಾಂಪಿಯನ್ ತಾನಾಹಾಶಿಗೆ ಸವಾಲು ಹಾಕಿದಾಗ ಟೋಕಿಯೋ ಡೋಮ್ ಜನ ಒಪ್ಲೇ ಇಲ್ಲ. ಫೆಬ್ರವರಿ 12ಕ್ಕೆ ಒಸಾಕಾದಲ್ಲಿ 24ರ ಹುಡುಗ ಗೆದ್ದೇಬಿಟ್ಟ. ಜೂನ್‌ನಲ್ಲಿ ಅದೇ ತಾನಾಹಾಶಿಗೆ ಟೈಟಲ್ ವಾಪಸ್ ಸೋತ. ನಮ್ಮ ಕಡೆ ಅಲ್ಲಿಗೆ ಅವನ ಕಥೆ ಮುಗೀತು ಅಂತಿದ್ವಿ. ಆಗಸ್ಟ್‌ನಲ್ಲಿ ಅಲ್ಲಿನ ದೊಡ್ಡ ಟೂರ್ನಿ ಜಿ1 ಗೆದ್ದ, 2013ರ ಜನವರಿ 4ಕ್ಕೆ ಮತ್ತೆ ಸೋತ, ಏಪ್ರಿಲ್‌ನಲ್ಲಿ ಮತ್ತೆ ಗೆದ್ದ. ಪ್ರತಿ ಸೋಲಿಗೂ ಒಂದು ಮುಂದಿನ ದಿನಾಂಕ ಇತ್ತು, ಅದಕ್ಕೇ ಆ ಸೋಲುಗಳು ಅವನನ್ನ ಬೆಳೆಸಿದ್ವು.

ಇನ್ನೊಂದು ಕಡೆ ಆಸುಕಾ. ಎನ್‌ಎಕ್ಸ್‌ಟಿಯಿಂದ ಲೆಕ್ಕ ಹಾಕಿ 914 ದಿನ ಸೋತಿರ್ಲಿಲ್ಲ, 2018ರ ರೆಸಲ್‌ಮೇನಿಯಾದಲ್ಲಿ ಷಾರ್ಲೆಟ್ ಎದುರು ಸೋತಳು. ಅದು ಚೆಂದದ ಮ್ಯಾಚ್, ಗೌರವದ ಸೋಲು. ತೊಂದರೆ ಆಗಿದ್ದು ಜೂನ್ ಮತ್ತು ಜುಲೈನಲ್ಲಿ, ಜೇಮ್ಸ್ ಎಲ್ಸ್‌ವರ್ತ್ ಚೇಷ್ಟೆಗೆ ಗಮನ ತಪ್ಪಿ ಕಾರ್ಮೆಲಾ ಎದುರು ಎರಡೆರಡು ಸಲ ಸೋಲಿಸಿದ್ರಲ್ಲ, ಅಲ್ಲಿ. ಎರಡೂವರೆ ವರ್ಷ ಕಟ್ಟಿದ್ದು ಮೂರು ತಿಂಗಳಲ್ಲಿ ಹೋಯ್ತು.

ಸೋಲು ಬಂದ ತಕ್ಷಣ ಶೀಟ್‌ನಲ್ಲಿ ಇಷ್ಟು ಬರ್ಕೊಳ್ಳಿ: ಮುಂದಿನ ವಾರ ಅವನು ಶೋನಲ್ಲಿ ಇದ್ನಾ, ಸೋಲಿನ ಬಗ್ಗೆ ಯಾರಾದ್ರೂ ಮಾತಾಡಿದ್ರಾ, ನಾಲ್ಕು ವಾರದೊಳಗೆ ಹೆಸರಿರೋ ಎದುರಾಳಿ ಮೇಲೆ ಒಂದು ಗೆಲುವು ಸಿಕ್ತಾ. ಮೂರಕ್ಕೂ ಇಲ್ಲ ಅಂದ್ರೆ ಪುಶ್ ನಿಂತಿದೆ. ಒಂದು ವಾರ ಗೆಲುವು ಒಂದು ವಾರ ಸೋಲು ಅಂತ ಇಬ್ಬರ ಮಧ್ಯೆ ಸುತ್ತಿಸ್ತಿದ್ರೂ (ಇದಕ್ಕೆ ಫಿಫ್ಟಿ ಫಿಫ್ಟಿ ಬುಕಿಂಗ್ ಅಂತಾರೆ) ಅರ್ಥ ಅದೇ, ಸ್ವಲ್ಪ ನಿಧಾನಕ್ಕೆ ನಿಲ್ಲುತ್ತೆ ಅಷ್ಟೇ.

ಹಂತ 7: ಬೆಲ್ಟ್ ನೋಡಿ ಮರುಳಾಗಬೇಡಿ

ಜಿಂದರ್ ಮಹಲ್ ಬಗ್ಗೆ ಕೇಳೋರು ತುಂಬಾ ಜನ. ಕೆನಡಾದಲ್ಲಿ ಹುಟ್ಟಿದ ಪಂಜಾಬಿ. 2017ರ ಏಪ್ರಿಲ್ ತನಕ ಟಿವಿಲಿ ಸೋಲೋದೇ ಕೆಲಸ ಆಗಿತ್ತು, ಏಪ್ರಿಲ್ 18ಕ್ಕೆ ದಿಢೀರ್ ಅಂತ ಟೈಟಲ್ ಅವಕಾಶ ಗೆದ್ದ, ಮೇ 21ಕ್ಕೆ ರ‍್ಯಾಂಡಿ ಆರ್ಟನ್‌ನ ಸೋಲಿಸಿ ಚಾಂಪಿಯನ್. ಐದು ವಾರನೂ ಇಲ್ಲ. ಮೇಲೆ ಹೇಳಿದ ಮೆಟ್ಟಿಲುಗಳು ಒಂದೂ ಇಲ್ಲ, ಭಾರತದ ಮಾರ್ಕೆಟ್ ಮೇಲೆ ಕಂಪನಿಗೆ ಕಣ್ಣಿತ್ತು ಅನ್ನೋದು ಗುಟ್ಟಲ್ಲ. ಆ ಕೆಲವು ತಿಂಗಳು ಮೈಕಟ್ಟಿಗೆ ಪಾತ್ರಕ್ಕೆ ಅವನು ಪ್ರಾಮಾಣಿಕವಾಗಿ ದುಡಿದ, ಆದ್ರೆ ನವೆಂಬರ್ 7ಕ್ಕೆ ಎಜೆ ಸ್ಟೈಲ್ಸ್ ಎದುರು ಟೈಟಲ್ ಹೋಯ್ತು, ಡಿಸೆಂಬರ್ 9ಕ್ಕೆ ದೆಹಲಿಗೆ ಬಂದಾಗ ಬೆಲ್ಟ್ ಇಲ್ಲ, ಅಲ್ಲೂ ಟ್ರಿಪಲ್ ಎಚ್ ಗೆದ್ದ. ಖಲಿ 2007ರ ಜುಲೈಲಿ ಚಾಂಪಿಯನ್ ಆಗಿದ್ದೂ ಎಡ್ಜ್ ಗಾಯಗೊಂಡು ಟೈಟಲ್ ಖಾಲಿ ಬಿದ್ದಿದ್ರಿಂದ, ಸೆಪ್ಟೆಂಬರ್‌ಗೆ ಬಟಿಸ್ಟಾ ಹತ್ರ ಹೋಯ್ತು. ಬೆಲ್ಟ್ ಬರೋಕೆ ಮುಂಚೆ ಜನ ಅವನ ಗೆಲುವಿಗೆ ಕಾಯ್ತಿದ್ರಾ? ಶೀಟ್‌ನಲ್ಲಿ ಅದು ಕಾಣಿಸ್ಬೇಕು.

ಹಂತ 8: ಗಾಯ, ಅದೃಷ್ಟ

ಇವು ಯಾರ ಕೈಲೂ ಇಲ್ಲ, ಬೇರೆ ಬಣ್ಣದಲ್ಲಿ ಗುರುತು ಹಾಕಿ. ಫಿನ್ ಬ್ಯಾಲರ್ 2016ರ ಆಗಸ್ಟ್ 21ಕ್ಕೆ ಮೊದಲ ಯೂನಿವರ್ಸಲ್ ಚಾಂಪಿಯನ್ ಆದ, ಅದೇ ಮ್ಯಾಚ್‌ನಲ್ಲಿ ಭುಜ ಹೋಯ್ತು, ಮಾರನೇ ದಿನ ಬೆಲ್ಟ್ ಬಿಟ್ಟುಕೊಟ್ಟ. ಸ್ಟೀವ್ ಆಸ್ಟಿನ್‌ಗೆ ಅದೃಷ್ಟ ಇನ್ನೊಂದು ಕಡೆಯಿಂದ ಬಂತು: 1996ರ ಮೇನಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಫೇಸ್ ಹೀಲ್ ಅನ್ನೋದು ಮರೆತು ಗೆಳೆಯರ ಜೊತೆ ರಿಂಗಲ್ಲಿ ತಬ್ಕೊಂಡಿದ್ದಕ್ಕೆ ಟ್ರಿಪಲ್ ಎಚ್‌ಗೆ ಶಿಕ್ಷೆ ಆಯ್ತು, ಅವನಿಗೆ ಅಂತ ಇಟ್ಟಿದ್ದ ಕಿಂಗ್ ಆಫ್ ದ ರಿಂಗ್ ಟೂರ್ನಿ ಗೆಲುವು ಜೂನ್ 23ಕ್ಕೆ ಆಸ್ಟಿನ್‌ಗೆ ಬಂತು, ಆಮೇಲೆ ಅವನ ಗುರುತೇ ಆದ ಆಸ್ಟಿನ್ 3:16 ಅನ್ನೋ ಪ್ರೋಮೋ ಮಾತು ಹುಟ್ಟಿದ್ದು ಅವತ್ತೇ. ಆದ್ರೆ ಎರಡು ತಿಂಗಳಾದ್ಮೇಲೆ ಸಮ್ಮರ್‌ಸ್ಲ್ಯಾಮ್‌ನಲ್ಲಿ ಇದೇ ಆಸ್ಟಿನ್ ಮುಖ್ಯ ಶೋಗೆ ಮುಂಚಿನ ಫ್ರೀ ಮ್ಯಾಚ್‌ನಲ್ಲಿದ್ದ. ಬ್ರೆಟ್ ಹಾರ್ಟ್ ಜೊತೆ ದೊಡ್ಡ ಮ್ಯಾಚ್ ಸಿಕ್ಕಿದ್ದು ನವೆಂಬರ್‌ನಲ್ಲಿ. ಒಂದು ಒಳ್ಳೇ ಪ್ರೋಮೋ ಆದ ಮಾರನೇ ವಾರ ಎಲ್ಲ ಬದಲಾಗುತ್ತೆ ಅಂತ ಕಾಯೋರು ಇದನ್ನ ನೆನಪಿಟ್ಕೊಳ್ಳಿ.

ಹಂತ 9: ರೀಸ್ಟಾರ್ಟ್ ಗುರುತಿಸೋದು

ಪುಶ್ ನಿಂತೋರಿಗೆ ಎರಡನೇ ಅವಕಾಶ ಇದ್ದೇ ಇದೆ. ಸೀನಾಗೆ ಅದು ಸಿಕ್ಕಿದ್ದು ಯುರೋಪ್ ಟೂರ್ ಬಸ್ಸಲ್ಲಿ, ಸಮಯ ಕಳೆಯೋಕೆ ರ‍್ಯಾಪ್ ಮಾಡ್ತಿದ್ದಾಗ ಸ್ಟೆಫನಿ ಮೆಕ್‌ಮಹನ್ ಕಿವಿಗೆ ಬಿತ್ತು, 2002ರ ಹ್ಯಾಲೋವೀನ್ ಶೋನಲ್ಲಿ ರ‍್ಯಾಪರ್ ವೇಷ, 2005ಕ್ಕೆ ಚಾಂಪಿಯನ್. ನ್ಯೂ ಜಪಾನ್‌ನ ನೈಟೋಗೆ ಮೆಕ್ಸಿಕೋದಲ್ಲಿ ಸಿಕ್ತು: 2013ರಲ್ಲಿ ಜಿ1 ಗೆದ್ರೂ ಅಭಿಮಾನಿಗಳ ವೋಟಲ್ಲಿ ಅವನ ಟೈಟಲ್ ಮ್ಯಾಚ್ ಟೋಕಿಯೋ ಡೋಮ್ ಮೇನ್ ಈವೆಂಟ್‌ನಿಂದ ಕೆಳಗಿಳೀತು, ಅಷ್ಟು ದೊಡ್ಡ ಅವಮಾನ. 2015ರಲ್ಲಿ ಮೆಕ್ಸಿಕೋಗೆ ಹೋಗಿ ಬಂದೋನು ಯಾರಿಗೂ ಕೇರ್ ಮಾಡದ ಪಾತ್ರ ಆಗಿ ಬಂದ, ಯಾರು ಬೇಡ ಅಂದಿದ್ರೋ ಅದೇ ಜನ ಹುಚ್ಚೆದ್ದು ಕೂಗಿದ್ರು, 2016ರ ಏಪ್ರಿಲ್‌ನಲ್ಲಿ ಒಕಾಡನ ಸೋಲಿಸಿದ. ಡ್ರೂ ಮೆಕಿಂಟೈರ್‌ನ 2009ರಲ್ಲಿ ವಿನ್ಸ್ ಮೆಕ್‌ಮಹನ್ ಭವಿಷ್ಯದ ಚಾಂಪಿಯನ್ ಅಂತ ಪರಿಚಯಿಸಿದ್ರು, ಆಮೇಲೆ ಜಿಂದರ್ ಜೊತೆ 3ಎಂಬಿ ಅನ್ನೋ ನಗೆಪಾಟಲಿನ ತಂಡಕ್ಕೆ ಬಿದ್ದ, 2014ರ ಜೂನ್‌ನಲ್ಲಿ ಇಬ್ಬರನ್ನೂ ಕಂಪನಿ ತೆಗೀತು. ಡ್ರೂ ಹೊರಗಡೆ ಮೂರು ವರ್ಷ ದುಡಿದು 2017ಕ್ಕೆ ವಾಪಸ್ ಬಂದು ನಿಧಾನಕ್ಕೆ ಮೇಲೆ ಬಂದ, 2020ರಲ್ಲಿ ರಂಬಲ್ ಗೆದ್ದು ಲೆಸ್ನರ್‌ನ ಸೋಲಿಸಿದ, ಅವನ ದುರದೃಷ್ಟಕ್ಕೆ ಅವತ್ತು ಎದುರಿಗೆ ಜನನೇ ಇರ್ಲಿಲ್ಲ, ಕೊರೊನಾ.

ನಿಜವಾದ ರೀಸ್ಟಾರ್ಟ್‌ನಲ್ಲಿ ಮಾತಾಡೋ ರೀತಿ, ಫೇಸ್ ಇಲ್ಲಾ ಹೀಲ್, ಜೊತೆಗಿರೋ ಜನ, ಇದರಲ್ಲಿ ಎರಡಾದ್ರೂ ಬದಲಾಗಿರುತ್ತೆ. ಬರೀ ಹೊಸ ಜಾಕೆಟ್ ಹೊಸ ಮ್ಯೂಸಿಕ್ ಬಂದ್ರೆ ಹೊಸ ಶೀಟ್ ಶುರು ಮಾಡಬೇಡಿ, ಹಳೇದನ್ನೇ ಮುಂದುವರಿಸಿ.

ಶುರು ಮಾಡೋದು ಎಲ್ಲಿಂದ

ಮೊದಲು ಎರಡು ಹಳೇ ಕೇಸ್ ಮಾಡಿ: ಒಕಾಡ 2012ರ ಜನವರಿಯಿಂದ 2013ರ ಏಪ್ರಿಲ್, ರೈಬ್ಯಾಕ್ 2012ರ ಏಪ್ರಿಲ್‌ನಿಂದ 2013ರ ಏಪ್ರಿಲ್. ಎರಡೂ ಶೀಟ್ ಅಕ್ಕಪಕ್ಕ ಇಟ್ರೆ ಆರನೇ ಕಾಲಮ್‌ನಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಮೂರನೇದಕ್ಕೆ ಈಗಷ್ಟೇ ಬಂದಿರೋ ಯಾರನ್ನಾದ್ರೂ ಆರಿಸ್ಕೊಳ್ಳಿ, ಹುಡುಗಿಯರಲ್ಲೂ ಈಗ ಒಳ್ಳೇ ಹೊಸಬರು ಬರ್ತಿದ್ದಾರೆ. ತೆರೆಮರೆ ಸುದ್ದಿ ಅಂತ ಬರೋ ಗಾಸಿಪ್‌ಗಳನ್ನ ಮೊದಲ ಮೂರು ತಿಂಗಳು ಓದಬೇಡಿ, ಓದಿದ್ರೆ ನೀವು ನೋಡಿದ್ದೇನು ಅವರು ಹೇಳಿದ್ದೇನು ಅಂತ ಬೇರೆ ಮಾಡೋಕಾಗಲ್ಲ. ಪ್ರತಿ ಶೋಗೆ ಮುಂಚೆ ಇವತ್ತು ಏನಾಗ್ಬೇಕು ಅಂತ ಒಂದು ಸಾಲು ಬರೆದಿಡಿ, ಆಮೇಲೆ ಶೋ ಹಾಕಿ.